ಗಡಿಯಲ್ಲಿ ಕತ್ತರಿಸಿಹೋಗದ ನಕ್ಷೆ: ಭೂವೈಜ್ಞಾನಿಕ ದತ್ತಾಂಶವನ್ನು ಜಗತ್ತಿನೊಂದಿಗೆ ಹಂಚಿಕೊಳ್ಳುವುದು ಹೇಗೆ?

ಪಕ್ಕಪಕ್ಕದ ಎರಡು ದೇಶಗಳ ಭೂವೈಜ್ಞಾನಿಕ ನಕ್ಷೆಗಳನ್ನು ಮೇಜಿನ ಮೇಲೆ ಜೋಡಿಸಿಟ್ಟು ನೋಡಿ. ಎಷ್ಟೋ ಸಲ ಗಡಿರೇಖೆಯ ಉದ್ದಕ್ಕೂ ಚಾಕುವಿನಲ್ಲಿ ಕೊಯ್ದ ಹಾಗೆ ಬಣ್ಣ ಬದಲಾಗಿರುತ್ತದೆ. ಇತ್ತ ಹಸಿರು, ಅತ್ತ ಕಂದು. ನೆಲಕ್ಕಿಳಿದು ನೋಡಿದರೆ ಎರಡೂ ಕಡೆ ಅದೇ ಮರಳುಗಲ್ಲು. ನಕ್ಷೆ ಬರೆದ ತಂಡ ಬೇರೆ, ದಶಕ ಬೇರೆ, ಶಿಲೆಗೆ ಇಟ್ಟ ಹೆಸರು ಬೇರೆ, ಅಷ್ಟೇ. ಆದರೆ ಆ ಮರಳುಗಲ್ಲಿನೊಳಗೆ ಸಾಗುವ ಅಂತರ್ಜಲದ ಲೆಕ್ಕ ಹಾಕಬೇಕಾದವರಿಗೆ ಈ ‘ಅಷ್ಟೇ’ ದೊಡ್ಡ ಅಡ್ಡಿ.

ಬಣ್ಣಗಳನ್ನಾದರೂ ಒಂದು ಮಾಡೋಣ ಎಂಬ ಮಾತು ಹಳೆಯದು. 1881ರಲ್ಲಿ ಬೊಲೊನ್ಯದಲ್ಲಿ ಸೇರಿದ ಎರಡನೇ ಅಂತರರಾಷ್ಟ್ರೀಯ ಭೂವಿಜ್ಞಾನ ಸಮ್ಮೇಳನವೇ ಅದನ್ನು ಚರ್ಚಿಸಿತ್ತು. 2007ರಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಶುರುವಾದ ‘ಒನ್‌ಜಿಯಾಲಜಿ’ ಯೋಜನೆ ಜಗತ್ತಿನ ನಕ್ಷೆಗಳನ್ನು ಸುಮಾರು 1:10 ಲಕ್ಷದ ಅಳತೆಯಲ್ಲಿ ಅಂತರ್ಜಾಲಕ್ಕೆ ತರಲು ಹೊರಟಿತು. ಅಲ್ಲಿ ದತ್ತಾಂಶವನ್ನೆಲ್ಲ ಒಂದೇ ಕಡೆ ತಂದು ಸುರಿಯುವುದಿಲ್ಲ. ಅದು ತಯಾರಿಸಿದವರ ಸರ್ವರ್‌ನಲ್ಲೇ ಇರುತ್ತದೆ. ಹೊರಗಿನವರು ಕೇಳಿದಾಗ ಎಲ್ಲರಿಗೂ ಅರ್ಥವಾಗುವ ರೂಪದಲ್ಲಿ ಉತ್ತರ ಕೊಡುತ್ತದೆ. ಸರ್ವರ್ ಇಲ್ಲದ ಸಂಸ್ಥೆಯ ನಕ್ಷೆಗೆ ಇನ್ನೊಂದು ಸಂಸ್ಥೆ ಆಸರೆ ಕೊಡಬಹುದು. ಹಾಗಾದರೆ ನಮ್ಮ ನಕ್ಷೆಯನ್ನು ಆ ರೂಪಕ್ಕೆ ತರುವುದು ಹೇಗೆ?

ಮೊದಲು ಏನು ಕೊಡುತ್ತೀರಿ, ಯಾವ ಷರತ್ತಿನ ಮೇಲೆ ಎಂಬುದನ್ನು ತೀರ್ಮಾನಿಸಿ. 1:10 ಲಕ್ಷದ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಅಂಥ ನಕ್ಷೆಯನ್ನು ನೋಡಿ ಯಾರೂ ಬಾವಿ ತೋಡಬಾರದು. ಆದ್ದರಿಂದ ಅಳತೆ, ಸಮೀಕ್ಷೆ ನಡೆದ ವರ್ಷ, ಬಳಕೆಯ ಪರವಾನಗಿ, ಹೊಣೆ ಹೊತ್ತ ಸಂಸ್ಥೆ ಇವನ್ನೆಲ್ಲ ಐಎಸ್‌ಒ 19115 ಮಾನಕದ ಮೆಟಾಡೇಟಾದಲ್ಲಿ, ಅಂದರೆ ದತ್ತಾಂಶದ ಬಗೆಗಿನ ಮಾಹಿತಿಯಲ್ಲಿ, ಬರೆದಿಡಿ.

ಮುಂದೆ ನಿರ್ದೇಶಾಂಕ. ಹಳೆಯ ನಕ್ಷೆಗಳು ಆಯಾ ದೇಶದ ಸ್ವಂತ ಡೇಟಮ್, ಅಂದರೆ ಸ್ಥಾನ ಅಳೆಯುವ ಆಧಾರ ಚೌಕಟ್ಟಿನ ಮೇಲೆ ನಿಂತಿರುತ್ತವೆ. ಅದನ್ನು ಗಮನಿಸದೆ ಜಿಪಿಎಸ್ ಬಳಸುವ ಜಾಗತಿಕ ಡೇಟಮ್ ಆದ ಡಬ್ಲ್ಯುಜಿಎಸ್ 84 ಎಂದು ಘೋಷಿಸಿಬಿಟ್ಟರೆ ಇಡೀ ನಕ್ಷೆ ನೂರಾರು ಮೀಟರ್ ಸರಿದು ಕೂರಬಹುದು. ಸರಿಯಾದ ಸೂತ್ರದಿಂದಲೇ ಪರಿವರ್ತಿಸಿ. ಪಕ್ಕದ ಎರಡು ಪಾಲಿಗಾನ್‌ಗಳ (ಶಿಲೆಯ ವ್ಯಾಪ್ತಿ ತೋರಿಸುವ ಆಕೃತಿಗಳ) ನಡುವೆ ಬಿರುಕೋ ಮೇಲುಹೊದಿಕೆಯೋ ಇದ್ದರೆ ಈಗಲೇ ಸರಿಪಡಿಸಿ.

ಇನ್ನು ಅಸಲಿ ಕೆಲಸ: ನಕ್ಷೆಯ ಸೂಚಿಯನ್ನು, ಅಂದರೆ ಯಾವ ಬಣ್ಣ ಯಾವ ಶಿಲೆ ಎಂದು ಹೇಳುವ ಪಟ್ಟಿಯನ್ನು, ಸಮಾನ ಪದಕೋಶಕ್ಕೆ ಹೊಂದಿಸುವುದು. ಇದನ್ನು ತಂತ್ರಾಂಶದವರಿಗೆ ಒಪ್ಪಿಸಿ ಕೈತೊಳೆದುಕೊಳ್ಳಬೇಡಿ. ಆ ಕಲ್ಲನ್ನು ಸುತ್ತಿಗೆಯಲ್ಲಿ ಒಡೆದು ನೋಡಿದ ಭೂವಿಜ್ಞಾನಿಯೇ ಕೂತು ಮಾಡಬೇಕು. ಅಂತರರಾಷ್ಟ್ರೀಯ ಭೂವಿಜ್ಞಾನ ಒಕ್ಕೂಟದ ಮಾಹಿತಿ ಆಯೋಗ, ಅಂದರೆ ಸಿಜಿಐ, ಶಿಲಾಪ್ರಕಾರಗಳ ಪಟ್ಟಿಯೊಂದನ್ನು ಕೊಟ್ಟಿದೆ. ಅದರ ಪ್ರತಿ ಪದಕ್ಕೂ ಯುಆರ್‌ಐ ಎಂಬ ಶಾಶ್ವತ ವಿಳಾಸವಿದೆ. ಭಾಷೆ ಯಾವುದಾದರೂ ಇರಲಿ, ವಿಳಾಸ ಒಂದೇ ಆದರೆ ಕಂಪ್ಯೂಟರ್‌ಗೆ ಅರ್ಥವೂ ಒಂದೇ.

ಎಡವುವುದು ಎಲ್ಲಿ ಎಂದರೆ, ನಿಮ್ಮ ಸೂಚಿಯಲ್ಲಿ ‘ಗ್ರಾನೈಟ್’ ಎಂದಿರುತ್ತದೆ. ವರ್ಗೀಕರಣದ ಪ್ರಕಾರ ಗ್ರಾನೈಟ್ ಎನ್ನಬೇಕಾದರೆ ಕ್ವಾರ್ಟ್ಜ್ ಮತ್ತು ಫೆಲ್ಡ್‌ಸ್ಪಾರ್ ಖನಿಜಗಳ ಮೊತ್ತದಲ್ಲಿ ಕ್ವಾರ್ಟ್ಜ್ ಶೇ 20ರಿಂದ 60 ಇರಬೇಕು. ಒಟ್ಟು ಫೆಲ್ಡ್‌ಸ್ಪಾರ್‌ನಲ್ಲಿ ಪ್ಲೇಜಿಯೊಕ್ಲೇಸ್ ಎಂಬ ಬಗೆಯ ಪಾಲು ಶೇ 10ರಿಂದ 65ರ ಒಳಗಿರಬೇಕು. ಹಳೆಯ ಸಮೀಕ್ಷಕರು ಬರಿಗಣ್ಣಿನಿಂದ ನೋಡಿ ಹಾಗೆ ಕರೆದಿದ್ದರೆ? ಆಗ ಪಟ್ಟಿಯಲ್ಲಿ ಒಂದು ಮೆಟ್ಟಿಲು ಮೇಲಿರುವ ‘ಗ್ರಾನಿಟಾಯ್ಡ್’ ಆರಿಸಿ. ತಿಳಿದಷ್ಟನ್ನೇ ಹೇಳುವ ವಿಶಾಲ ಪದ, ತಿಳಿಯದ್ದನ್ನೂ ಹೇಳಿಬಿಡುವ ನಿಖರ ಪದಕ್ಕಿಂತ ಎಷ್ಟೋ ಮೇಲು.

ಹಾಗೆಂದು ಮೂಲ ಸೂಚಿಯ ಹೆಸರು, ವಿವರಣೆಗಳನ್ನು ಅಳಿಸಬೇಡಿ. ಸಮಾನ ಪದದ ಪಕ್ಕದಲ್ಲೇ ಅವೂ ಇರಲಿ. ಸ್ಥಳೀಯ ಹೆಸರಿನೊಳಗೆ ಎಷ್ಟೋ ವರ್ಷಗಳ ಕ್ಷೇತ್ರಕಾರ್ಯದ ತಿಳಿವಳಿಕೆ ಅಡಗಿರುತ್ತದೆ, ಯಾವ ಜಾಗತಿಕ ಪಟ್ಟಿಯೂ ಅದನ್ನು ಪೂರ್ತಿ ಹಿಡಿದಿಡಲಾರದು.

ವಯಸ್ಸಿನ ವಿಷಯದಲ್ಲೂ ಇದೇ ಎಚ್ಚರ ಬೇಕು. ಕ್ಯಾಂಬ್ರಿಯನ್ ಯುಗದ ಆರಂಭವನ್ನು ಅಂತರರಾಷ್ಟ್ರೀಯ ಕಾಲಪಟ್ಟಿ ಒಮ್ಮೆ 54.2 ಕೋಟಿ ವರ್ಷ ಹಿಂದೆ ಎಂದಿತು, ಆಮೇಲೆ 54.1 ಕೋಟಿ ಎಂದಿತು, ಈಗ 53.88 ಕೋಟಿ ಎನ್ನುತ್ತದೆ. ಬರೀ ಅಂಕಿ ಬರೆದಿಟ್ಟಿದ್ದರೆ ನಿಮ್ಮ ಶಿಲೆ ಕೂತಲ್ಲೇ ಯುಗ ಬದಲಿಸಿಬಿಡುತ್ತದೆ. ಯುಗದ ಹೆಸರಿನ ಯುಆರ್‌ಐ ಕೊಡಿ. ನಿಜಕ್ಕೂ ಅಳೆದ ವಯಸ್ಸಿದ್ದರೆ ಅಂಕಿಯನ್ನೂ ಸೇರಿಸಿ.

ಹೊಂದಿಸಿದ್ದಾದ ಮೇಲೆ ಅದನ್ನೆಲ್ಲ ಭೂವೈಜ್ಞಾನಿಕ ದತ್ತಾಂಶ ವಿನಿಮಯದ ಮಾನಕವಾದ ಜಿಯೋಸೈಎಂಎಲ್ ಅಚ್ಚಿಗೆ ಹಾಕಬೇಕು. ಸಿಜಿಐ ಬೆಳೆಸಿದ ಈ ಮಾನಕದ 4.1 ಆವೃತ್ತಿಯನ್ನು ನಕ್ಷೆ ದತ್ತಾಂಶದ ಮಾನಕಗಳನ್ನು ರೂಪಿಸುವ ಓಪನ್ ಜಿಯೋಸ್ಪೇಷಿಯಲ್ ಕನ್ಸಾರ್ಷಿಯಂ 2017ರಲ್ಲಿ ಪ್ರಕಟಿಸಿತು. ಪೂರ್ಣ ರೂಪ ಸಾಕಷ್ಟು ಜಟಿಲ. ಹೊಸಬರು ಜಿಯೋಸೈಎಂಎಲ್ ಲೈಟ್‌ನಿಂದ ಶುರುಮಾಡುವುದು ಒಳ್ಳೆಯದು. ಅದು ಒಂದು ಸಾದಾ ಕೋಷ್ಟಕದಂತಿದೆ: ಘಟಕದ ಹೆಸರು, ವಿವರಣೆ, ಪ್ರಾತಿನಿಧಿಕ ಶಿಲೆಯ ಯುಆರ್‌ಐ, ವಯಸ್ಸಿನ ಯುಆರ್‌ಐ, ಗುರುತಿಸಿದ ವಿಧಾನ, ಸ್ಥಾನದ ನಿಖರತೆ, ಆಕಾರ. ಡೇಟಾಬೇಸ್‌ನಲ್ಲಿ ಒಂದು ವ್ಯೂ (ಇರುವ ಕೋಷ್ಟಕಗಳಿಂದ ಬೇಕಾದ್ದನ್ನು ಆರಿಸಿ ತೋರಿಸುವ ಪ್ರಶ್ನೆ) ಬರೆದರೆ ಬಹುಪಾಲು ಮುಗಿದಂತೆ.

ಸರ್ವರ್‌ಗೆ ಜಿಯೋಸರ್ವರ್ ಅಥವಾ ಮ್ಯಾಪ್‌ಸರ್ವರ್ ಸಾಕು, ಎರಡೂ ಉಚಿತ ಮುಕ್ತ ತಂತ್ರಾಂಶಗಳು. ಮೊದಲು ಚಿತ್ರ ಕೊಡುವ ಡಬ್ಲ್ಯುಎಂಎಸ್ ಸೇವೆ ನಡೆಯಲಿ, ಆಮೇಲೆ ದತ್ತಾಂಶವನ್ನೇ ಕೊಡುವ ಡಬ್ಲ್ಯುಎಫ್‌ಎಸ್. ಪರೀಕ್ಷಿಸುವಾಗ ನಕ್ಷೆ ಖಾಲಿ ಬಂದರೆ ಗಾಬರಿಯಾಗಬೇಡಿ. ಇಪಿಎಸ್‌ಜಿ 4326 (ಡಬ್ಲ್ಯುಜಿಎಸ್ 84ರ ಅಕ್ಷಾಂಶ-ರೇಖಾಂಶ ಪದ್ಧತಿಯ ಸಂಕೇತ) ಬಳಸಿದಾಗ ಡಬ್ಲ್ಯುಎಂಎಸ್ 1.1.1 ಆವೃತ್ತಿ ರೇಖಾಂಶವನ್ನು ಮೊದಲು ಕೇಳುತ್ತದೆ, 1.3.0 ಆವೃತ್ತಿ ಅಕ್ಷಾಂಶವನ್ನು. ಈ ಅದಲುಬದಲಿನಿಂದ ನಿಮ್ಮ ನಕ್ಷೆ ಎಲ್ಲೋ ಸಮುದ್ರದ ನಡುವೆ ಹುಡುಕಿಸಿಕೊಳ್ಳುತ್ತಿರಬಹುದು.

ಕೊನೆಗೆ ನೆರೆಯ ದೇಶದ ಸೇವೆಯನ್ನೂ ಅದೇ ಪರದೆಯಲ್ಲಿ ತೆರೆದು, ಎರಡಕ್ಕೂ ಶಿಲೆಯ ಯುಆರ್‌ಐ ಪ್ರಕಾರ ಬಣ್ಣ ಹಚ್ಚಿ. ಹೆಸರಿನಿಂದ ಹುಟ್ಟಿದ್ದ ಗಡಿಗಳು ಅಲ್ಲೇ ಮಾಯವಾಗುತ್ತವೆ. ಉಳಿದವು ನಿಜವಾದ ಭಿನ್ನಾಭಿಪ್ರಾಯಗಳು. ಅಂಥ ಕಡೆ ಚೆಂದ ಕಾಣಲೆಂದು ರೇಖೆಯನ್ನು ಸರಿಸಬೇಡಿ. ಹೊಂದಿಕೆಯಾಗದ ಜಾಗಗಳ ಪಟ್ಟಿ ಮಾಡಿ ಮೆಟಾಡೇಟಾದಲ್ಲಿ ನಮೂದಿಸಿ, ಪ್ರತಿಯನ್ನು ಆಚೆಯ ತಂಡಕ್ಕೂ ಕಳಿಸಿ. ಎರಡೂ ತಂಡಗಳು ಒಟ್ಟಿಗೆ ಯಾವ ಬಂಡೆಯ ಮುಂದೆ ಹೋಗಿ ನಿಲ್ಲಬೇಕೆಂಬುದು ಆ ಪಟ್ಟಿಯಲ್ಲಿರುತ್ತದೆ.