ಮಿನಿ ಮ್ಯಾಪ್ ಆಫ್ ಮಾಡಿ ಆಡೋದು: ಓಪನ್ ವರ್ಲ್ಡ್ ಗೇಮ್‌ಗಳಲ್ಲಿ ನನ್ನ ಅನುಭವ

ಹೊಸ ಓಪನ್ ವರ್ಲ್ಡ್ ಗೇಮ್ (ದೊಡ್ಡ ಜಗತ್ತಿನಲ್ಲಿ ಇಷ್ಟ ಬಂದ ಕಡೆ ತಿರುಗಾಡಬಹುದಾದ ಆಟ) ಕೈಗೆ ಸಿಕ್ಕರೆ ನಾನು ಮೊದಲು ತೆರೆಯುವುದು ಸೆಟ್ಟಿಂಗ್ಸ್. ಗ್ರಾಫಿಕ್ಸ್ ನೋಡೋಕಲ್ಲ, ಮಿನಿ ಮ್ಯಾಪ್ (ಪರದೆಯ ಮೂಲೆಯಲ್ಲಿ ಸದಾ ಕಾಣುವ ಪುಟ್ಟ ನಕ್ಷೆ) ನೋಡೋಕೆ. ಅದನ್ನು ಆಫ್ ಮಾಡಬಹುದಾ? ಕ್ವೆಸ್ಟ್ ಮಾರ್ಕರ್‌ಗಳನ್ನು (ಮುಂದಿನ ಕೆಲಸ ಎಲ್ಲಿದೆ ಅಂತ ತೋರಿಸುವ ಗುರುತುಗಳನ್ನು) ಬೇರೆಯಾಗಿ ತೆಗೆಯಬಹುದಾ? ದಿಕ್ಸೂಚಿ ಒಂದನ್ನೇ ಉಳಿಸಿಕೊಳ್ಳಬಹುದಾ? ಹಲವು ವರ್ಷಗಳಿಂದ ಹೀಗೇ ಆಡುತ್ತಿದ್ದೇನೆ. ಇದರಿಂದ ನಾನು ಆಡುವ ರೀತಿಯಷ್ಟೇ ಅಲ್ಲ, ಒಂದು ಗೇಮ್ ಚೆನ್ನಾಗಿದೆಯೋ ಇಲ್ಲವೋ ಅಂತ ನಿರ್ಧರಿಸುವ ರೀತಿಯೂ ಬದಲಾಯಿತು.

ಶುರುವಾದದ್ದು ರೆಡ್ ಡೆಡ್ ರಿಡೆಂಪ್ಶನ್ 2ರಲ್ಲಿ. 2018ರ ಅಕ್ಟೋಬರ್‌ನಲ್ಲಿ ಬಂದ ಗೇಮ್. ಅದರಲ್ಲಿ ಬಹಳ ಹೊತ್ತು ಕಳೆಯುವುದು ಕುದುರೆಯ ಮೇಲೆಯೇ. ಕೆಳಗಿನ ಮೂಲೆಯಲ್ಲಿ ರೇಡಾರ್ (ಈ ಗೇಮ್‌ನ ಮಿನಿ ಮ್ಯಾಪ್) ಇದ್ದು, ಅದರಲ್ಲೊಂದು ಗೆರೆ ದಾರಿ ತೋರಿಸುತ್ತಿದ್ದರೆ ಕಣ್ಣು ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಬೆಟ್ಟ, ಮಂಜು, ಇಳಿಬಿಸಿಲು ಎಲ್ಲ ಎದುರಿಗೇ ಇದ್ದರೂ ನಾವು ನೋಡುವುದು ಆ ಗೆರೆಯನ್ನೇ. ಕಂಟ್ರೋಲರ್‌ನಲ್ಲಿ ಡಿ-ಪ್ಯಾಡ್‌ನ (ನಾಲ್ಕು ದಿಕ್ಕಿನ ಬಟನ್‌ಗಳ) ಕೆಳಗಿನ ಬಟನ್ ಒತ್ತಿ ಹಿಡಿದರೆ ರೇಡಾರ್ ಬದಲು ಬರೀ ದಿಕ್ಸೂಚಿ ಇಟ್ಟುಕೊಳ್ಳಬಹುದು, ಪೂರ್ತಿ ತೆಗೆಯಲೂಬಹುದು. ನಾನು ಮೊದಲು ದಿಕ್ಸೂಚಿಗೆ ಬಂದೆ. ಆಮೇಲೆ ಅದನ್ನೂ ತೆಗೆದೆ.

ತೆಗೆದ ಮೇಲೆ ಗೊತ್ತಾಗಿದ್ದು, ಈ ಜಾಗ ಕಟ್ಟಿದವರು ದಾರಿಯುದ್ದಕ್ಕೂ ಎಷ್ಟೊಂದು ಗುರುತು ಇಟ್ಟಿದ್ದಾರೆ ಅನ್ನೋದು. ವ್ಯಾಲೆಂಟೈನ್ ಎಂಬ ಊರಿನಿಂದ ರೋಡ್ಸ್ ಎಂಬ ಊರಿಗೆ ಹೋಗುವ ದಾರಿಯನ್ನೇ ನೋಡಿ. ವ್ಯಾಲೆಂಟೈನ್ ಅಂದರೆ ಕೆಸರು ಬೀದಿ, ಕುರಿ ದನಗಳ ದೊಡ್ಡಿ, ಪಕ್ಕದಲ್ಲೇ ರೈಲು ನಿಲ್ದಾಣ. ಅಲ್ಲಿಂದ ಪೂರ್ವಕ್ಕೆ ಹೊರಟರೆ ಹಾರ್ಟ್‌ಲ್ಯಾಂಡ್ಸ್ ಬಯಲು. ಮರ ಕಡಿಮೆ, ಹುಲ್ಲು ಜಾಸ್ತಿ, ದೂರದಲ್ಲಿ ಬೈಸನ್ ಹಿಂಡು. ಎಣ್ಣೆ ಬಾವಿಗಳ ಗೋಪುರ ಕಂಡರೆ ಸರಿಯಾಗಿ ಬಂದಿದ್ದೇನೆ ಅಂತ ಲೆಕ್ಕ. ಅಲ್ಲಿಂದ ದಕ್ಷಿಣಕ್ಕೆ ಇಳಿದು ಲೆಮೊಯ್ನ್ ಸೇರಿದರೆ ಮಣ್ಣಿನ ಬಣ್ಣವೇ ಬೇರೆ. ನೆಲ ಕೆಂಪು, ದಾರಿ ಕೆಂಪು. ಆ ಕೆಂಪು ಮಣ್ಣು ಕಂಡರೆ ರೋಡ್ಸ್ ದೂರ ಇಲ್ಲ. ಇನ್ನೂ ಪೂರ್ವಕ್ಕೆ ಹೋದರೆ ಜೌಗು, ಮೊಸಳೆ, ಅದನ್ನು ದಾಟಿದರೆ ಸೇಂಟ್ ಡೆನಿಸ್‌ನ ಚಿಮಣಿಗಳ ಹೊಗೆ.

ದೊಡ್ಡ ನಕ್ಷೆಯನ್ನು ನೋಡಲೇಬಾರದು ಅಂತ ನಾನು ಪಟ್ಟು ಹಿಡಿಯುವುದಿಲ್ಲ. ಒಂದೇ ನಿಯಮ: ಕುದುರೆ ನಿಲ್ಲಿಸಿದಾಗ ಮಾತ್ರ ನಕ್ಷೆ. ತೆರೆದಾಗ ಹುಡುಕುವುದು ಮೂರು ವಿಷಯ. ಹೊಳೆ ಅಥವಾ ರೈಲು ಹಳಿ ನನ್ನ ಯಾವ ಕಡೆಗಿದೆ? ದೂರದಿಂದ ಕಾಣುವಂಥದ್ದು ಏನಿದೆ? ದಾರಿ ಮೊದಲು ಎಲ್ಲಿ ಕವಲೊಡೆಯುತ್ತದೆ? ಇಷ್ಟನ್ನು ತಲೆಯಲ್ಲಿಟ್ಟುಕೊಂಡು ಮುಚ್ಚುತ್ತೇನೆ. ಕವಲು ಬಂದಾಗ ಮರದ ಕೈಕಂಬ ಓದುತ್ತೇನೆ. ಊರುಗಳ ಹೆಸರು ನೆನಪಿನಲ್ಲಿ ಉಳಿಯುವುದು ಹೀಗೆ ಓದಿದಾಗಲೇ.

ದಾರಿ ಹುಡುಕುವುದಕ್ಕಿಂತಲೂ ಜಾಸ್ತಿ ಬದಲಾದದ್ದು ಗುಂಡಿನ ಕಾಳಗ. ರೇಡಾರ್ ಇದ್ದಾಗ ಶತ್ರುಗಳೆಲ್ಲ ಕೆಂಪು ಚುಕ್ಕಿಗಳು. ಬಂಡೆಯ ಹಿಂದೆ ಕೂತೇ ಎಷ್ಟು ಜನ, ಯಾವ ಕಡೆ ಅಂತ ಗೊತ್ತಾಗಿಬಿಡುತ್ತದೆ. ರೇಡಾರ್ ಇಲ್ಲದಿದ್ದರೆ ಬಂದೂಕಿನ ಹೊಗೆ ನೋಡಬೇಕು, ಕೂಗಾಟ ಎತ್ತ ಕಡೆಯಿಂದ ಅಂತ ಕೇಳಬೇಕು, ಪಕ್ಕದಿಂದ ಯಾರಾದರೂ ಸುತ್ತಿ ಬರ್ತಿದ್ದಾರಾ ಅಂತ ತಿರುಗಿ ನೋಡಬೇಕು. ಹೆಡ್‌ಫೋನ್ ಹಾಕಿಕೊಂಡು ಆಡುವುದನ್ನು ನಾನು ಆಗಲೇ ರೂಢಿ ಮಾಡಿಕೊಂಡದ್ದು. ದಾರಿಯಲ್ಲಿ ಸಿಗುವ ಅಪರಿಚಿತರ ವಿಷಯವೂ ಅಷ್ಟೇ. ಚುಕ್ಕಿ ಕಂಡು ಹೋಗುವುದಕ್ಕೂ, ಕತ್ತಲಲ್ಲಿ ಯಾರೋ ಸಹಾಯಕ್ಕೆ ಕೂಗುವುದು ಕೇಳಿ ಕುದುರೆ ತಿರುಗಿಸುವುದಕ್ಕೂ ತುಂಬಾ ವ್ಯತ್ಯಾಸ ಇದೆ.

2022ರ ಫೆಬ್ರವರಿಯಲ್ಲಿ ಎಲ್ಡನ್ ರಿಂಗ್ ಬಂದಾಗ ನಾನು ಆಫ್ ಮಾಡಬೇಕಾದ್ದು ಏನೂ ಇರಲಿಲ್ಲ. ಮಿನಿ ಮ್ಯಾಪ್ ಇಲ್ಲವೇ ಇಲ್ಲ. ಯಾರು ಏನು ಹೇಳಿದರು ಅಂತ ಬರೆದಿಡುವ ಕ್ವೆಸ್ಟ್ ಪಟ್ಟಿಯೂ ಇಲ್ಲ. ನಕ್ಷೆಯ ತುಂಡುಗಳನ್ನು ನಾವೇ ಹುಡುಕಬೇಕು. ಆದರೆ ಮಸುಕಾದ ನಕ್ಷೆಯಲ್ಲೂ ಆ ತುಂಡು ಇರುವ ಕಲ್ಲುಕಂಬದ ಪುಟ್ಟ ಚಿತ್ರ ಕಾಣುತ್ತದೆ. ಅಲ್ಲಿಗೆ ಹೋಗುವ ರಸ್ತೆಯ ಗೆರೆಯೂ ತೆಳುವಾಗಿ ಕಾಣುತ್ತದೆ. ಅಷ್ಟು ಸಾಕು.

ಈ ಗೇಮ್‌ಗಾಗಿ ನಾನು ಒಂದು ನೋಟ್‌ಬುಕ್ ಇಟ್ಟೆ. ಅದರಲ್ಲಿ ಆಟದ ಮೊದಲ ಸೀಮೆ ಲಿಮ್‌ಗ್ರೇವ್ ಬಗ್ಗೆ ಒಂದು ಕಡೆ ಹೀಗೆ ಬರೆದಿದ್ದೇನೆ: "ಲಿಮ್‌ಗ್ರೇವ್ ಪೂರ್ವದ ಕಾಡು, ಪಾಳು ಗೋಡೆ, ಮೇಲಿಂದ ತೋಳ ಊಳಿಡುವ ಸದ್ದು, ಯಾರೂ ಕಾಣಲ್ಲ." ಮಾರ್ಕರ್ ಇಲ್ಲ, ಸೂಚನೆ ಇಲ್ಲ. ಆಟದ ಶುರುವಿನಲ್ಲೇ ಸಿಗುವ ಎಲ್ಲೆ ಚರ್ಚ್‌ಗೆ ವಾಪಸ್ ಹೋಗಿ ಕಾಲೆ ಎಂಬ ವ್ಯಾಪಾರಿಯನ್ನು ಮಾತಾಡಿಸಿದರೆ ಅವನು ಆ ಊಳಿನ ಬಗ್ಗೆ ಹೇಳಿ, ಬೆರಳು ಚಿಟಿಕೆ ಹೊಡೆಯುವ ಸನ್ನೆ ಕಲಿಸುತ್ತಾನೆ. ಮತ್ತೆ ಕಾಡಿಗೆ ಬಂದು, ಆ ಗೋಡೆಯ ಕೆಳಗೆ ನಿಂತು ಚಿಟಿಕೆ ಹೊಡೆದರೆ ತೋಳದ ಮುಖದ ಬ್ಲೈಡ್ ಎಂಬ ಯೋಧ ಮೇಲಿಂದ ಧುಮುಕುತ್ತಾನೆ. ಅವನನ್ನು ಕರೆಸಿದ್ದು ನಾನು ಅನ್ನಿಸುತ್ತದೆ. ಇದೇ ಜಾಗದಲ್ಲಿ ಒಂದು ಹಳದಿ ಬಾಣ ಇದ್ದಿದ್ದರೆ ಅದು ಸುಮ್ನೆ ಮಾಡಿ ಮುಗಿಸುವ ಇನ್ನೊಂದು ಕೆಲಸ ಆಗಿರುತ್ತಿತ್ತು.

ಅದೇ ಕಾಡಿನಲ್ಲಿ ಒಂದು ಬಾವಿಯಂಥ ಕಟ್ಟಡ ಇದೆ. ಒಳಗೆ ಲಿಫ್ಟ್. ಕೆಳಗೆ ಇಳಿಯುತ್ತಾ ಹೋಗುತ್ತದೆ, ನಿಲ್ಲುವುದೇ ಇಲ್ಲ ಅನ್ನಿಸುವಷ್ಟು. ತಳ ಮುಟ್ಟಿ ಹೊರಗೆ ಬಂದರೆ ಸಿಯೋಫ್ರಾ ನದಿ, ತಲೆಯ ಮೇಲೆ ನಕ್ಷತ್ರ ತುಂಬಿದ ಚಾವಣಿ. ಇದನ್ನು ಹೊಸಬರು ಯಾರಿಗೂ ನಾನು ಮುಂಚೆ ಹೇಳುವುದಿಲ್ಲ, ಇಲ್ಲಿ ಮಾತ್ರ ಬರೆಯಬೇಕಾಯಿತು. ಇಂಥ ಜಾಗಕ್ಕೆ ನಕ್ಷೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟರೆ ಅದನ್ನು ಕಟ್ಟಿದವರ ಶ್ರಮಕ್ಕೇ ಅನ್ಯಾಯ.

ಘೋಸ್ಟ್ ಆಫ್ ತ್ಸುಶಿಮಾ (2020) ಬೇರೆ ದಾರಿ ಹಿಡಿಯಿತು. 1274ರ ಮಂಗೋಲ್ ದಾಳಿಯ ಕಾಲದ ಕಥೆ. ಟಚ್‌ಪ್ಯಾಡ್ ಮೇಲೆ ಬೆರಳು ಎಳೆದರೆ ಗಾಳಿ ಬೀಸುತ್ತದೆ, ಹುಲ್ಲು ಯಾವ ಕಡೆ ಬಾಗುತ್ತದೋ ಆ ಕಡೆ ಹೋಗಬೇಕು. ಚಿನ್ನದ ಬಣ್ಣದ ಹಕ್ಕಿ ಬಂದು ಕರೆದೊಯ್ಯುತ್ತದೆ, ನರಿ ಗುಡಿಗೆ ದಾರಿ ತೋರಿಸುತ್ತದೆ. ಕಣ್ಣು ಪರದೆಯ ಮಧ್ಯದಲ್ಲೇ ಇರುತ್ತದೆ, ಅದು ದೊಡ್ಡ ಲಾಭ. ಆದರೆ ಗಾಳಿ ನೇರ ದಿಕ್ಕು ಮಾತ್ರ ಹೇಳುತ್ತದೆ. ರಸ್ತೆ ಗೊತ್ತಿರಬೇಕಿಲ್ಲ, ಊರು ಗೊತ್ತಿರಬೇಕಿಲ್ಲ. ಲಿಮ್‌ಗ್ರೇವ್‌ನ ರಸ್ತೆಗಳನ್ನು ನಾನು ಈಗಲೂ ಕಾಗದದ ಮೇಲೆ ಬರೆದು ತೋರಿಸಬಲ್ಲೆ. ತ್ಸುಶಿಮಾದ ಹೂವಿನ ಬಯಲು ನೆನಪಿದೆ, ಅದಕ್ಕೆ ಹೋಗುವ ದಾರಿ ನೆನಪಿಲ್ಲ. ಹಾಗಾಗಿ ದೊಡ್ಡ ನಕ್ಷೆಯಲ್ಲಿ ದಾರಿ ನೋಡಿಕೊಂಡು ಹೊರಟು, ದಿಕ್ಕು ತಪ್ಪಿದೆ ಅನ್ನಿಸಿದಾಗ ಮಾತ್ರ ಗಾಳಿ ಕರೆಯುವುದು ನನಗೆ ಸರಿ ಬಂತು.

ಎಲ್ಲ ಗೇಮ್‌ನಲ್ಲೂ ಇದು ನಡೆಯುವುದಿಲ್ಲ. ವಿಚರ್ 3 (2015) ನನಗೆ ತುಂಬಾ ಪ್ರಿಯವಾದ ಗೇಮ್. ಆದರೆ ಅದರ ಕ್ವೆಸ್ಟ್‌ಗಳನ್ನು ಮಿನಿ ಮ್ಯಾಪ್ ಇದೆ ಅಂತಲೇ ಭಾವಿಸಿ ಬರೆದಿದ್ದಾರೆ. ಎಷ್ಟೋ ಕಡೆ ಯಾರ ಮಾತಿನಲ್ಲೂ ದಾರಿಯ ವಿವರ ಇರುವುದಿಲ್ಲ. ಪೂರ್ತಿ ಆಫ್ ಮಾಡಿದರೆ ಹುಡುಕಾಟ ಖುಷಿ ಕೊಡುವುದಿಲ್ಲ, ಬೇಸರ ತರಿಸುತ್ತದೆ. ಅಲ್ಲಿ ನಾನು ಮಾಡಿದ್ದು ಇಷ್ಟು: ಇನ್ನೂ ನೋಡದ ಜಾಗಗಳನ್ನು ತೋರಿಸುವ ನಕ್ಷೆಯ ಪ್ರಶ್ನಾರ್ಥಕ ಚಿಹ್ನೆಗಳನ್ನು ಮರೆಮಾಡಿದೆ, ಮಿನಿ ಮ್ಯಾಪ್ ಅನ್ನು ಕ್ವೆಸ್ಟ್‌ನ ಕೊನೆಯ ಹಂತಕ್ಕೆ ಮಾತ್ರ ಆನ್ ಮಾಡಿದೆ. ಸ್ಕೆಲಿಗೆ ಸಮುದ್ರದ ತುಂಬ ಚೆಲ್ಲಿರುವ ಕಳ್ಳಸಾಗಣೆ ಪೆಟ್ಟಿಗೆಗಳ ಗುರುತು ಕಣ್ಣಿಗೆ ಬೀಳದಿದ್ದರೆ ಆ ದ್ವೀಪಗಳು ಎಷ್ಟು ಚೆಂದ ಅಂತ ಆಗ ಗೊತ್ತಾಗುತ್ತದೆ. ನೊವಿಗ್ರಾಡ್ ಪಟ್ಟಣದಲ್ಲಿ ಮಾತ್ರ ಏನೂ ಬೇಕಾಗಲಿಲ್ಲ. ಟೆಂಪಲ್ ಐಲ್ ಮೇಲಿನ ದೇಗುಲ ಅಷ್ಟು ಎತ್ತರ, ತಲೆ ಎತ್ತಿದರೆ ದಿಕ್ಕು ಸಿಗುತ್ತದೆ.

ಈ ಮಾರ್ಕರ್ ಅವಲಂಬನೆ ಎಲ್ಲಿಂದ ಬಂತು ಅಂತ ಯೋಚಿಸಿದಾಗ ನನಗೆ ನೆನಪಾಗುವುದು ಎಲ್ಡರ್ ಸ್ಕ್ರೋಲ್ಸ್ ಸರಣಿ. 2002ರ ಮೊರೊವಿಂಡ್‌ನಲ್ಲಿ ಜನ ದಾರಿಯನ್ನು ಬಾಯಲ್ಲಿ ಹೇಳುತ್ತಿದ್ದರು, ಅದು ಜರ್ನಲ್‌ನಲ್ಲಿ ಉಳಿಯುತ್ತಿತ್ತು. 2006ರ ಒಬ್ಲಿವಿಯನ್‌ನಲ್ಲಿ ದಿಕ್ಸೂಚಿಯ ಮೇಲೇ ಗುರುತು ಬಂತು. ಅದು ಎಲ್ಲ ಮಾತಿಗೂ ದನಿ ಕೊಟ್ಟ ಗೇಮ್. ಉದ್ದುದ್ದ ದಾರಿ ವಿವರಣೆಯನ್ನು ನಟರಿಂದ ಓದಿಸುವುದಕ್ಕಿಂತ ಬಾಣ ಇಡುವುದು ಸುಲಭ ಅಲ್ವಾ? ನನ್ನ ಊಹೆ ಇದು. ಅಸ್ಯಾಸಿನ್ಸ್ ಕ್ರೀಡ್ ಒಡಿಸ್ಸಿ 2018ರಲ್ಲಿ ಎಕ್ಸ್‌ಪ್ಲೊರೇಶನ್ ಮೋಡ್ ತಂದು, ಇಂಥ ಪ್ರಾಂತ್ಯ, ಇಂಥ ಬೆಟ್ಟದ ದಕ್ಷಿಣಕ್ಕೆ ಅಂತ ಸುಳಿವು ಕೊಡುವುದನ್ನು ವಾಪಸ್ ತಂದಿತು. ಗ್ರೀಸಿನ ಪ್ರಾಂತ್ಯಗಳ ಹೆಸರು ನನಗೆ ಬಾಯಿಪಾಠ ಆಗಿದ್ದೇ ಆ ಮೋಡ್‌ನಿಂದ.

ನೀವು ಶುರು ಮಾಡುವುದಾದರೆ ಜೆಲ್ಡಾ: ಬ್ರೆತ್ ಆಫ್ ದ ವೈಲ್ಡ್ (2017) ಒಳ್ಳೆಯ ಜಾಗ. ಸೆಟ್ಟಿಂಗ್ಸ್‌ನಲ್ಲಿ ಪ್ರೊ ಮೋಡ್ ಹಾಕಿದರೆ ಪರದೆಯಲ್ಲಿ ಹೆಚ್ಚುಕಡಿಮೆ ಜೀವ ಎಷ್ಟಿದೆ ಅಂತ ತೋರಿಸುವ ಹೃದಯಗಳಷ್ಟೇ ಉಳಿಯುತ್ತವೆ. ಅಲ್ಲಿ ಗೋಪುರ ಹತ್ತಿದರೆ ನೆಲದ ಆಕಾರ ಮಾತ್ರ ನಕ್ಷೆಗೆ ಬರುತ್ತದೆ. ಏನು ಎಲ್ಲಿದೆ ಅಂತ ನಾವೇ ಗೋಪುರದ ಮೇಲೆ ನಿಂತು, ಸ್ಕೋಪ್‌ನಲ್ಲಿ ನೋಡಿ ಪಿನ್ ಹಾಕಬೇಕು. ಬೇರೆ ಗೇಮ್‌ನಲ್ಲಾದರೆ ಎಲ್ಲವನ್ನೂ ಒಟ್ಟಿಗೆ ಆಫ್ ಮಾಡಬೇಡಿ. ಮೊದಲು ದಾರಿ ತೋರಿಸುವ ಗೆರೆ, ಆಮೇಲೆ ಮಿನಿ ಮ್ಯಾಪ್, ಕೊನೆಗೆ ಮಾರ್ಕರ್. ಸಮಯದ ಮಿತಿ ಇರುವ ಮಿಶನ್ ಬಂದರೆ ಆನ್ ಮಾಡಿಕೊಳ್ಳಿ. ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಆಡಲು ಆಗುವವರಿಗೆ, ಕಣ್ಣಿನ ತೊಂದರೆ ಇರುವವರಿಗೆ ಮಾರ್ಕರ್ ಬೇಕೇ ಬೇಕು. ಅದಕ್ಕೇ ಪ್ರತಿಯೊಂದಕ್ಕೂ ಬೇರೆ ಬೇರೆ ಸ್ವಿಚ್ ಇರಬೇಕು ಅಂತ ನಾನು ಹೇಳುವುದು. ಒಂದೇ ಸ್ವಿಚ್‌ನಲ್ಲಿ ಜೀವ ಎಷ್ಟು ಉಳಿದಿದೆ ಅಂತ ತೋರಿಸುವ ಪಟ್ಟಿ, ಗುಂಡಿನ ಲೆಕ್ಕ, ನಕ್ಷೆ ಎಲ್ಲ ಮಾಯವಾದರೆ ಯಾರಿಗೂ ಉಪಯೋಗ ಇಲ್ಲ.

ಈಗ ಎಲ್ಲರ ಕಣ್ಣು ಜಿಟಿಎ (ಗ್ರ್ಯಾಂಡ್ ಥೆಫ್ಟ್ ಆಟೋ) 6ರ ಮೇಲೆ. ಮೊದಲು 2025 ಅಂದರು, ಆಮೇಲೆ 2026ರ ಮೇ 26 ಅಂದರು, ನಂತರ ಅದನ್ನು ಮಾಡುವ ಕಂಪನಿ ರಾಕ್‌ಸ್ಟಾರ್ ಕೊಟ್ಟ ದಿನಾಂಕ 2026ರ ನವೆಂಬರ್ 19. ಮ್ಯಾಪ್ ಎಷ್ಟು ದೊಡ್ಡದು ಅನ್ನೋದೇ ಎಲ್ಲ ಕಡೆ ಚರ್ಚೆ. ನನಗೆ ಅದು ಮುಖ್ಯ ಅಲ್ಲ. ಜಿಟಿಎ 5ರಲ್ಲಿ ರೇಡಾರ್ ಆಫ್ ಮಾಡಿ ಗಾಡಿ ಓಡಿಸುವುದು ಸುಲಭ ಇತ್ತು. ಬೆಟ್ಟದ ಮೇಲೆ ವೈನ್‌ವುಡ್ ಅಕ್ಷರಗಳು, ನಗರದ ನಡುವೆ ಮೇಜ್ ಬ್ಯಾಂಕ್ ಟವರ್, ಪಶ್ಚಿಮಕ್ಕೆ ಸಮುದ್ರ ಮತ್ತು ಡೆಲ್ ಪೆರೊ ಪಿಯರ್‌ನ ಜೈಂಟ್ ವ್ಹೀಲ್. ರಸ್ತೆಯ ಹೆಸರೂ ಪರದೆಯ ಕೆಳಗೆ ಬರುತ್ತಿತ್ತು.

ಜಿಟಿಎ 6 ನಡೆಯುವ ಲಿಯೊನಿಡಾ ಹಾಗಲ್ಲ. ಅದು ಫ್ಲೋರಿಡಾದ ಮಾದರಿಯಲ್ಲಿ ಕಟ್ಟಿದ್ದು, ಹೆಚ್ಚಾಗಿ ಸಪಾಟು ನೆಲ. ರಾಕ್‌ಸ್ಟಾರ್ ತೋರಿಸಿರುವ ಜಾಗಗಳಲ್ಲಿ ಮೌಂಟ್ ಕಲಾಗಾ ಒಂದು ಬೆಟ್ಟ. ಉಳಿದಂತೆ ವೈಸ್ ಸಿಟಿ, ಗ್ರಾಸ್‌ರಿವರ್ಸ್‌ನ ಜೌಗು, ಲಿಯೊನಿಡಾ ಕೀಸ್ ದ್ವೀಪಗಳು. ಎತ್ತರದ ಗುರುತು ಇಲ್ಲದ ನೆಲದಲ್ಲಿ ದಾರಿ ತೋರಿಸಲು ಅವರು ಏನು ಮಾಡಿದ್ದಾರೆ ಅನ್ನೋದೇ ನನ್ನ ಕುತೂಹಲ. ಹೆದ್ದಾರಿ ಬೋರ್ಡ್‌ಗಳು ಓದುವಂತಿರುತ್ತವಾ? ನೀರಿನ ಬಣ್ಣ, ಮರಗಳ ಜಾತಿ ಒಂದೊಂದು ಕಡೆ ಒಂದೊಂದು ಥರ ಇರುತ್ತಾ? ಗೇಮ್ ಬಂದ ದಿನ ಕಥೆ ಬದಿಗಿಟ್ಟು, ವೈಸ್ ಸಿಟಿಯಿಂದ ಗ್ರಾಸ್‌ರಿವರ್ಸ್‌ವರೆಗೆ ಬರೀ ಬೋರ್ಡ್ ನೋಡಿಕೊಂಡು ಗಾಡಿ ಓಡಿಸಿ ನೋಡುತ್ತೇನೆ.