ಮಾತ್ರೆ ಬರೆಯುವ ಮೊದಲು ಹೊಟ್ಟೆ ಮುಟ್ಟಿ ನೋಡುತ್ತೇನೆ

ಬೌದ್ಧಿಕ ವಿಕಲತೆಯ ಜೊತೆಗೆ ಮಾನಸಿಕ ಕಾಯಿಲೆಯೂ ಇರುವ ವಯಸ್ಕರಿಗೆ ಚಿಕಿತ್ಸೆ ಕೊಡುವ ಮನೋವೈದ್ಯೆ ನಾನು. ನನ್ನ ಹತ್ತಿರ ಬರುವ ಹೆಚ್ಚಿನವರ ದೂರು ಒಂದೇ ಥರ. ಗಲಾಟೆ ಜಾಸ್ತಿಯಾಗಿದೆ, ಹೊಡೆಯುತ್ತಾರೆ, ರಾತ್ರಿ ನಿದ್ದೆಯಿಲ್ಲ. ಮಾತ್ರೆ ಸ್ವಲ್ಪ ಜಾಸ್ತಿ ಮಾಡಿ ಅಂತ ಮನೆಯವರು ಕೇಳುತ್ತಾರೆ. ಅವರು ಎಷ್ಟು ಬಳಲಿರುತ್ತಾರೆ ಅಂತ ಮುಖ ನೋಡಿದರೇ ಗೊತ್ತಾಗುತ್ತದೆ. ಆದರೂ ಮೈಯನ್ನು ಪೂರ್ತಿ ಪರೀಕ್ಷೆ ಮಾಡದೆ ನಾನು ಪೆನ್ನು ಹಿಡಿಯುವುದಿಲ್ಲ.

ನಡುವಯಸ್ಸಿನ ಒಬ್ಬರು ಬಂದಿದ್ದರು. ಅವರಿಗೆ ಮಾತು ಬರುವುದಿಲ್ಲ. ಊಟಕ್ಕೆ ಕೂರಿಸಿದರೆ ತಟ್ಟೆ ತಳ್ಳಿ ಕೈ ಕಚ್ಚಿಕೊಳ್ಳುತ್ತಿದ್ದರು. ಕಿವಿಯಲ್ಲಿ ಧ್ವನಿ ಕೇಳುವ ಕಾಯಿಲೆ ಅವರಿಗೆ ಮೊದಲಿಂದಲೂ ಇತ್ತು, ಅದೇ ಮತ್ತೆ ಕೆರಳಿದೆ ಅಂತ ಎಲ್ಲರೂ ಅಂದುಕೊಂಡಿದ್ದರು. "ಕಕ್ಕಸಿಗೆ ಸರಿಯಾಗಿ ಹೋಗ್ತಾರಾ ಅಮ್ಮಾ?" ಅಂತ ತಾಯಿಯನ್ನು ಕೇಳಿದೆ. "ದಿನಾ ಹೋಗ್ತಾನೆ ಮೇಡಂ, ನೀರು ನೀರಾಗಿ" ಅಂದರು. ಹೊಟ್ಟೆ ಮುಟ್ಟಿದಾಗ ಎಡಗಡೆ ಕೆಳಗೆ ಗಟ್ಟಿಯಾಗಿ ಕೈಗೆ ಸಿಕ್ಕಿತು. ಒಳಗೆ ಮಲ ಕಟ್ಟಿಕೊಂಡು, ಅದರ ಪಕ್ಕದಿಂದ ನೀರಷ್ಟೇ ಸೋರುತ್ತಿತ್ತು. ನೋಡುವವರಿಗೆ ಅದು ಭೇದಿಯ ಹಾಗೆ ಕಾಣುತ್ತದೆ. ಮೈ ಬಿಗಿತಕ್ಕೆ ಅಂತ ಕೊಡುತ್ತಿದ್ದ ಟ್ರೈಹೆಕ್ಸಿಫೆನಿಡಿಲ್ ಮಲಬದ್ಧತೆಯನ್ನು ಇನ್ನಷ್ಟು ಮಾಡಿತ್ತು. ಹೊಟ್ಟೆ ಖಾಲಿ ಮಾಡಿಸಿ, ಆ ಮಾತ್ರೆಯನ್ನು ನಿಧಾನಕ್ಕೆ ಇಳಿಸಿದೆವು. ಕೈ ಕಚ್ಚಿಕೊಳ್ಳುವುದು ನಿಂತಿತು. ಧ್ವನಿಗಳಿಗೆ ಕೊಡುತ್ತಿದ್ದ ಮಾತ್ರೆಯನ್ನು ಮಾತ್ರ ಮುಂದುವರಿಸಿದೆ, ಅದು ಅವರಿಗೆ ಬೇಕೇ ಬೇಕು.

ಮಲಬದ್ಧತೆಯನ್ನು ಸಣ್ಣ ವಿಷಯ ಅಂತ ಬಿಡಬೇಡಿ. ಧ್ವನಿ ಕೇಳುವಂಥ ಕಾಯಿಲೆಗೆ ಕೊಡುವ ಕ್ಲೋಜಪಿನ್ ತಗೊಳ್ಳುವವರಲ್ಲಿ ಕರುಳೇ ನಿಂತು ಜೀವ ಹೋಗುವುದೂ ಉಂಟು. ಹಲ್ಲುನೋವು, ಕಿವಿಯ ಸೋಂಕು, ಎದೆಯುರಿ, ಮೂತ್ರದ ಉರಿ, ಇವೆಲ್ಲ ಮಾತಿಲ್ಲದವರಲ್ಲಿ ಸಿಟ್ಟಾಗಿಯೇ ಹೊರಗೆ ಬರುತ್ತವೆ. ಫಿಟ್ಸ್‌ಗೆ ಕೊಡುವ ಲೆವೆಟಿರಾಸೆಟಮ್‌ನಿಂದಲೂ ಕೆಲವರಿಗೆ ಸಿಡುಕು ಬರುತ್ತದೆ. ಏನೇ ಆದರೂ ವಿಕಲತೆಯ ತಲೆಗೇ ಕಟ್ಟಿ, ನಿಜವಾದ ಕಾಯಿಲೆಯನ್ನು ಕಾಣದೆ ಹೋಗುವ ಈ ಸಮಸ್ಯೆಯ ಬಗ್ಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀವನ್ ರೀಸ್ ಮತ್ತು ಅವರ ಸಹೋದ್ಯೋಗಿಗಳು 1982ರಲ್ಲೇ ಬರೆದಿದ್ದರು. ಇವತ್ತಿಗೂ ಅದು ಹಾಗೇ ಇದೆ ಅನ್ನುವುದು ನನಗೆ ತುಂಬಾ ನೋವು ಕೊಡುತ್ತದೆ. ಇಂಗ್ಲೆಂಡಿನಲ್ಲಿ ಬೌದ್ಧಿಕ ವಿಕಲತೆ ಇರುವವರ ಸಾವುಗಳನ್ನು ಪರಿಶೀಲಿಸಿ 2013ರಲ್ಲಿ ಒಂದು ವರದಿ ಬಂತು. ಉಳಿದ ಜನರಿಗಿಂತ ಗಂಡಸರು ಸುಮಾರು 13 ವರ್ಷ, ಹೆಂಗಸರು ಸುಮಾರು 20 ವರ್ಷ ಮೊದಲೇ ತೀರಿಹೋಗುತ್ತಿದ್ದರು. ತಡೆಯಬಹುದಾಗಿದ್ದ ಸಾವುಗಳು ಅದರಲ್ಲಿ ಎಷ್ಟೋ.

ಬರೀ ಸಿಟ್ಟಿಗೆ ಅಂತ ಮಾತ್ರೆ ಕೊಡುವ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿ. 2008ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ಬೌದ್ಧಿಕ ವಿಕಲತೆಯಿದ್ದು ತುಂಬಾ ಸಿಟ್ಟು ಮಾಡುತ್ತಿದ್ದ 86 ಜನರಿಗೆ ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್ ಅನ್ನುವ ಮಾನಸಿಕ ಕಾಯಿಲೆಯ ಮಾತ್ರೆಗಳಲ್ಲಿ ಒಂದನ್ನು ಅಥವಾ ಔಷಧವೇ ಇಲ್ಲದ ಖಾಲಿ ಮಾತ್ರೆ ಕೊಟ್ಟು ನೋಡಿದ್ದರು. ಮೂರೂ ಗುಂಪಿನಲ್ಲಿ ಸಿಟ್ಟು ಇಳಿಯಿತು. ಜಾಸ್ತಿ ಇಳಿದದ್ದು ಖಾಲಿ ಮಾತ್ರೆಯವರಲ್ಲಿ! ಇನ್ನೊಂದು ಕಡೆ, ಇಂಥ ಔಷಧಗಳಿಂದಲೇ ಕೆಲವರಿಗೆ ಕೂತಲ್ಲಿ ಕೂರಲಾಗದ ಚಡಪಡಿಕೆ ಬರುತ್ತದೆ. ಅದನ್ನು ಗಲಾಟೆ ಅಂತ ತಿಳಿದು ಇನ್ನೂ ಏರಿಸಿದರೆ ಏನಾಗಬಹುದು ಹೇಳಿ. ಇಳಿಸುವಾಗ ಒಂದು ಸಲಕ್ಕೆ ಒಂದೇ ಮಾತ್ರೆ, ಅದೂ ಸ್ವಲ್ಪ ಸ್ವಲ್ಪ. ಮನೆಯವರು ತಾವಾಗಿ ನಿಲ್ಲಿಸಬಾರದು.

ಇದರ ತಿರುವು ಮುರುವೂ ನಡೆಯುತ್ತದೆ. ಸುಮ್ನೆ ಮೂಲೆಯಲ್ಲಿ ಕೂತವರನ್ನು "ಪಾಪ, ಈಗ ಶಾಂತವಾಗಿದ್ದಾರೆ" ಅಂತ ಬಿಟ್ಟುಬಿಡುತ್ತಾರೆ. ಅದು ಖಿನ್ನತೆ ಇರಬಹುದು. ಹುಟ್ಟಿನಿಂದಲೇ ಬರುವ ಡೌನ್ ಸಿಂಡ್ರೋಮ್ ಇದ್ದರೆ ನಾನು ಮೊದಲು ಥೈರಾಯ್ಡ್ ನೋಡುತ್ತೇನೆ, ಅದು ಕಡಿಮೆಯಾದರೂ ಹೀಗೇ ಮಂಕಾಗುತ್ತಾರೆ. ನಲವತ್ತು ದಾಟಿದವರಾದರೆ ಮರೆವಿನ ಕಾಯಿಲೆಯಾದ ಅಲ್ಜೈಮರ್ ಶುರುವಾಗಿದೆಯಾ ಅಂತಲೂ ಯೋಚಿಸುತ್ತೇನೆ, ಅವರಲ್ಲಿ ಅದು ಬೇಗ ಬರುತ್ತದೆ.

ರಕ್ತ ತೆಗೆಯುವುದಕ್ಕೆ ಬಿಡುವುದೇ ಇಲ್ಲ ಅಂತ ಪರೀಕ್ಷೆಗಳನ್ನೇ ಕೈಬಿಡುವುದನ್ನು ನಾನು ಒಪ್ಪುವುದಿಲ್ಲ. ದಿನದ ಮೊದಲ ಸಮಯವನ್ನು ಅವರಿಗೇ ಕೊಡುತ್ತೇನೆ, ಕಾಯುವ ಗದ್ದಲ ಇರುವುದಿಲ್ಲ. ಮೊದಲ ಭೇಟಿಯಲ್ಲಿ ಸೂಜಿ ಹೊರಗೇ ತೆಗೆಯುವುದಿಲ್ಲ. ಕುರ್ಚಿ, ತೋಳಿಗೆ ಕಟ್ಟುವ ಪಟ್ಟಿ, ಹತ್ತಿ, ಇಷ್ಟನ್ನೇ ಮುಟ್ಟಿಸಿ ಕಳಿಸುತ್ತೇವೆ. ಚರ್ಮ ಮರಗಟ್ಟಿಸುವ ಮುಲಾಮನ್ನು ಮುಂದಿನ ಸಲ ಬರುವ ಮೊದಲೇ ಹಚ್ಚಲು ಹೇಳುತ್ತೇವೆ. ಒಲಾನ್ಜಪಿನ್, ರಿಸ್ಪೆರಿಡೋನ್‌ನಂಥ ಮಾತ್ರೆಗಳಿಂದ ತೂಕ, ಸಕ್ಕರೆ, ಕೊಬ್ಬು ಏರಬಹುದು, ತಗೊಳ್ಳುವವರಿಗೆ ಅವನ್ನು ನೋಡಲೇಬೇಕಲ್ವಾ?

ಕೊನೆಗೆ ಮನೆಯವರ ಜೊತೆ ಕೂತು ಒಂದೇ ಒಂದು ಹಾಳೆ ಬರೆಸುತ್ತೇನೆ. ನೋವಾದಾಗ ಇವರು ಏನು ಮಾಡುತ್ತಾರೆ, ಆರಾಮಾಗಿದ್ದಾಗ ಹೇಗಿರುತ್ತಾರೆ, ಯಾವ ಮಾತ್ರೆ ಯಾತಕ್ಕೆ. ತುರ್ತು ವಿಭಾಗಕ್ಕೆ ಹೋಗುವಾಗ ಆ ಹಾಳೆ ಅವರ ಜೊತೆಗೇ ಹೋಗಬೇಕು. ಅಲ್ಲಿರುವ ಡಾಕ್ಟರಿಗೆ ಇವರ ಪರಿಚಯ ಇರುವುದಿಲ್ಲ.