ಇಂಗ್ಲಿಷ್ ಪದ ಗೊಂದಲವಾದರೆ ಮೊದಲು ಕನ್ನಡ ವಾಕ್ಯ ಹೇಳಿಕೊಳ್ಳಿ

ದಾವಣಗೆರೆಯ ನಮ್ಮ ಮನೆಯ ಮಹಡಿ ಮೇಲೆ ಸಂಜೆ ಹೊತ್ತು ಇಂಗ್ಲಿಷ್ ಪಾಠ ಹೇಳಿಕೊಡುತ್ತೇನೆ. ಬರುವವರಲ್ಲಿ ಹೆಚ್ಚಿನವರು ಕನ್ನಡ ಮೀಡಿಯಂನಲ್ಲಿ ಓದಿದವರು. ನರ್ಸಿಂಗ್ ಮುಗಿಸಿದ ಹುಡುಗಿಯರು, ಬಿ.ಕಾಂ. ಮಾಡಿ ಬೆಂಗಳೂರಿನ ಕೆಲಸಕ್ಕೆ ಪ್ರಯತ್ನಿಸುತ್ತಿರುವವರು, ಮೊಬೈಲ್ ಅಂಗಡಿ ಇಟ್ಟವರು. ಗೊಂದಲದ ಪದಗಳ ಉದ್ದನೆಯ ಪಟ್ಟಿಯೊಂದು ಎಲ್ಲರ ಹತ್ತಿರವೂ ಇರುತ್ತದೆ. ಬಾಯಿಪಾಠವೂ ಆಗಿರುತ್ತದೆ. ಆದರೆ ಮಾತಾಡಲು ನಿಂತಾಗ ತಪ್ಪು ಪದವೇ ಮೊದಲು ಬಂದುಬಿಡುತ್ತದೆ.

ಅವರಿಗೆ ನಾನು ಹೇಳುವುದು ಇಷ್ಟೇ: ಅನುಮಾನ ಬಂದಾಗ ಪಟ್ಟಿಯ ಅರ್ಥ ನೆನಪಿಸಿಕೊಳ್ಳಲು ಹೋಗಬೇಡಿ. ಅದೇ ಮಾತನ್ನು ಮನೆಯಲ್ಲಿ ಅಮ್ಮನಿಗೆ ಹೇಗೆ ಹೇಳುತ್ತೀರೋ ಹಾಗೆ ಕನ್ನಡದಲ್ಲಿ ಹೇಳಿಕೊಳ್ಳಿ. ಎಷ್ಟೋ ಸಲ ಇಂಗ್ಲಿಷಿನ ವ್ಯತ್ಯಾಸ ಕನ್ನಡದಲ್ಲೇ ಇರುತ್ತದೆ. ಕೆಲವು ಕಡೆ ಮಾತ್ರ ಕನ್ನಡ ನಮ್ಮನ್ನು ದಾರಿ ತಪ್ಪಿಸುತ್ತದೆ. ಆ ಜಾಗಗಳು ಯಾವುವು ಅಂತ ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು.

ಫೋನ್ ಇಂಟರ್‌ವ್ಯೂನಿಂದಲೇ ಶುರು ಮಾಡೋಣ. ಲೈನ್ ಕಟ್ ಕಟ್ ಆಗುತ್ತಿದೆ. ಹುಡುಗ 'ಐ ಕಾಂಟ್ ಲಿಸನ್ ಟು ಯೂ' ಅನ್ನುತ್ತಾನೆ. ಆಚೆಗಿನವರಿಗೆ ಅದು 'ನಿಮ್ಮ ಮಾತು ಕೇಳಲು ನನ್ನಿಂದ ಆಗಲ್ಲ' ಅಂದ ಹಾಗೆ ಕೇಳಿಸುತ್ತದೆ. ಕನ್ನಡದಲ್ಲಾದರೆ ಏನನ್ನುತ್ತಿದ್ದ? 'ಸರ್, ಕೇಳಿಸ್ತಾ ಇಲ್ಲ.' ಕೇಳಿಸುವುದು ಹಿಯರ್, ಗಮನ ಕೊಟ್ಟು ಕೇಳುವುದು ಲಿಸನ್. ಅಲ್ಲಿ ಬೇಕಾಗಿದ್ದದ್ದು 'ಐ ಕಾಂಟ್ ಹಿಯರ್ ಯೂ'. ಕಣ್ಣಿನ ವಿಷಯವೂ ಹೀಗೆಯೇ. ಕಾಣಿಸಿದರೆ ಸೀ. ಕಣ್ಣು ಆ ಕಡೆ ತಿರುಗಿಸಿ ನೋಡಿದರೆ ಲುಕ್ ಅಟ್. ಕ್ರಿಕೆಟ್ ಮ್ಯಾಚನ್ನೋ ಸೀರಿಯಲ್ಲನ್ನೋ ಕೂತು ನೋಡಿದರೆ ವಾಚ್. ಸಿನಿಮಾ ನೋಡಿದ್ದಕ್ಕೆ ಸಾ, ವಾಚ್ಡ್ ಎರಡೂ ನಡೆಯುತ್ತವೆ.

ಇನ್ನು ನನಗೆ ತುಂಬ ಇಷ್ಟವಾದ ಭಾಗ. ಕನ್ನಡದ ಕ್ರಿಯಾಪದಕ್ಕೆ 'ಇಸು' ಸೇರಿಸಿದರೆ ಕೆಲಸ ತಾನೇ ಆಗುವುದು ಹೋಗಿ ಇನ್ನೊಬ್ಬರು ಮಾಡಿಸುವುದಾಗುತ್ತದೆ. ಇಂಗ್ಲಿಷಿನಲ್ಲಿ ಹಾಗೆ ಬಾಲ ಸೇರಿಸುವ ಬದಲು ಹಲವು ಕಡೆ ಬೇರೆ ಪದವೇ ಇದೆ. ಬೆಲೆ ಏರಿತು, ರೋಸ್. ಬೆಲೆ ಏರಿಸಿದರು, ರೇಯ್ಸ್ಡ್. ನಾನು ಕಲಿತೆ, ಲರ್ನ್ಡ್. ಅಣ್ಣ ಕಲಿಸಿದ, ಟಾಟ್. ಹಾಗಾಗಿ 'ನನ್ನಣ್ಣ ಡ್ರೈವಿಂಗ್ ಕಲಿಸಿದ' ಅನ್ನುವಾಗ ಲರ್ನ್ಡ್ ಬರುವ ಹಾಗೇ ಇಲ್ಲ. ನಾನೇ ನೆನಪಿಟ್ಟುಕೊಂಡರೆ ರಿಮೆಂಬರ್, ಯಾರಾದರೂ ನೆನಪಿಸಿದರೆ ರಿಮೈಂಡ್. 'ಪ್ಲೀಸ್ ರಿಮೆಂಬರ್ ಮೀ ಟುಮಾರೊ' ಅಂದರೆ 'ನಾಳೆ ನನ್ನನ್ನು ನೆನೆಸಿಕೊಳ್ಳಿ' ಅಂತಾಗುತ್ತದೆ. ನಾಳೆ ನೆನಪಿಸಿ ಅನ್ನಬೇಕಿದ್ದರೆ 'ರಿಮೈಂಡ್ ಮೀ'.

ಇಂಗ್ಲಿಷ್ ಮನೆಮಾತಾಗಿರುವವರೂ ಎಡವುವ ಲೈ ಮತ್ತು ಲೇ ಸಹ ಇದೇ ಗುಂಪಿನವು. ಮಲಗು ಅಂದರೆ ಲೈ, ಮಲಗಿಸು ಅಂದರೆ ಲೇ. ರೋಗಿ ಮಲಗಿದ್ದಾನೆ, 'ದ ಪೇಷಂಟ್ ಈಸ್ ಲೈಯಿಂಗ್'. ಮಗುವನ್ನು ಮಲಗಿಸಿ, 'ಲೇ ದ ಬೇಬಿ ಡೌನ್'. ತೊಂದರೆ ಇರುವುದು ಭೂತಕಾಲದಲ್ಲಿ. ಲೈ ಎಂಬುದರ ಭೂತಕಾಲವೇ ಲೇ, ಆಮೇಲೆ ಲೇನ್. ಲೇ ಎಂಬುದರ ಭೂತಕಾಲ ಲೇಡ್. ನರ್ಸಿಂಗ್ ಹುಡುಗಿಯರಿಗೆ ನಾನು ಕೊಡುವ ಸಲಹೆ: ಡ್ಯೂಟಿ ರಿಪೋರ್ಟ್ ಬರೆಯುವಾಗ ಈ ರೂಪಗಳ ಜೊತೆ ಗುದ್ದಾಡಬೇಡಿ, 'ವಾಸ್ ಲೈಯಿಂಗ್' ಅಂತ ಬರೆಯಿರಿ. ಅದು ಸರಿಯೂ ಹೌದು, ಯಾರಿಗೂ ಅನುಮಾನ ಬರುವುದೂ ಇಲ್ಲ. ಸುಳ್ಳು ಹೇಳುವ ಲೈ ಬೇರೆಯೇ ಪದ, ಅದರ ಭೂತಕಾಲ ಲೈಡ್.

ಈಗ ಕನ್ನಡ ಕೈಕೊಡುವ ಜಾಗ. 'ಮೂರು ವರ್ಷದಿಂದ' ಅನ್ನುತ್ತೇವೆ, '2019ರಿಂದ' ಅಂತಲೂ ಅನ್ನುತ್ತೇವೆ. ಎರಡಕ್ಕೂ ಅದೇ 'ಇಂದ'. ಅದಕ್ಕೇ 'ಸಿನ್ಸ್ ತ್ರೀ ಇಯರ್ಸ್' ಅಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ. ಗೋಡೆಯ ಕ್ಯಾಲೆಂಡರ್ ನೆನೆಸಿಕೊಳ್ಳಿ. ಹೇಳುತ್ತಿರುವ ಸಮಯದ ಮೇಲೆ ಬೆರಳಿಟ್ಟು 'ಇದೇ' ಅಂತ ತೋರಿಸಬಹುದಾ? 2019, ಯುಗಾದಿ, ಕಳೆದ ಸೋಮವಾರ, ಇವನ್ನೆಲ್ಲ ತೋರಿಸಬಹುದು. ಅಲ್ಲಿ ಸಿನ್ಸ್. ಮೂರು ವರ್ಷ, ಎರಡು ಗಂಟೆ, ತುಂಬ ದಿನ, ಇವಕ್ಕೆ ಬೆರಳಿಡಲು ಜಾಗವಿಲ್ಲ, ಬರೀ ಅಳತೆ. ಅಲ್ಲಿ ಫಾರ್. ಜೊತೆಗೆ ಕ್ರಿಯಾಪದವನ್ನೂ ಗಮನಿಸಿ. ಕನ್ನಡದಲ್ಲಿ 'ಕೆಲಸ ಮಾಡುತ್ತಿದ್ದೇನೆ' ಸಾಕು. ಇಂಗ್ಲಿಷಿನಲ್ಲಿ 'ಐ ಆಮ್ ವರ್ಕಿಂಗ್' ಸಾಲದು, 'ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಸಿನ್ಸ್ 2019' ಆಗಬೇಕು. ನಾಳೆಯಿಂದ ಶುರುವಾಗುವುದಕ್ಕೆ ಸಿನ್ಸ್ ಬರುವುದಿಲ್ಲ, ಅದು 'ಫ್ರಮ್ ಟುಮಾರೊ'.

ಬೆರಳಿನ ಈ ಪರೀಕ್ಷೆ ಇನ್ನೊಂದು ಕಡೆಯೂ ಉಪಯೋಗಕ್ಕೆ ಬರುತ್ತದೆ. ಸೋಮವಾರದೊಳಗೆ ಕೊಡುತ್ತೇನೆ ಅಂದರೆ 'ಬೈ ಮಂಡೇ'. ಎರಡು ದಿನದೊಳಗೆ ಅಂದರೆ 'ವಿದಿನ್ ಟೂ ಡೇಸ್'. ಕನ್ನಡದಲ್ಲಿ ಎರಡೂ 'ಒಳಗೆ'. ಬೆರಳಿಡಲು ಆದರೆ ಬೈ, ಅಳತೆಯಾದರೆ ವಿದಿನ್. 'ಸೋಮವಾರದವರೆಗೆ ರಜೆ' ಅನ್ನುವ ವರೆಗೆ, ತನಕ ಮಾತ್ರ ಅನ್‌ಟಿಲ್. 'ಐ ವಿಲ್ ಸಬ್ಮಿಟ್ ಟಿಲ್ ಮಂಡೇ' ಎಂದು ಮೇಲ್ ಬರೆದವರು ಅದನ್ನೇ ಕನ್ನಡದಲ್ಲಿ ಓದಿಕೊಂಡರೆ 'ಸೋಮವಾರದವರೆಗೆ ಸಲ್ಲಿಸುತ್ತೇನೆ' ಅಂತಾಗುತ್ತದೆ. ತಪ್ಪು ತಾನಾಗಿಯೇ ಕಣ್ಣಿಗೆ ಬೀಳುತ್ತದೆ, ಅಲ್ವಾ? ಒಂದು ಸಮಾಧಾನದ ಸಂಗತಿ: ಹಿಂದಿ ಮನೆಮಾತಿನವರು ತಮ್ಮ ಭಾಷೆಯ ಪ್ರಭಾವದಿಂದ 'ಅನ್‌ಟಿಲ್ ಹೀ ಡಸಂಟ್ ಕಮ್' ಅನ್ನುವುದುಂಟು. ನಾವು 'ಅವನು ಬರೋ ತನಕ' ಅನ್ನುವುದರಿಂದ 'ಅನ್‌ಟಿಲ್ ಹೀ ಕಮ್ಸ್' ನಮಗೆ ಸಹಜವಾಗಿಯೇ ಬರುತ್ತದೆ.

ಪದದ ಜೊತೆ ಅಂಟಿಕೊಂಡು ಬರುವ ಗೆ, ಬಗ್ಗೆ, ಮೇಲೆ, ಇವೂ ಎಡವಿಸುತ್ತವೆ. 'ನನಗೆ ಹೇಳಿದ' ಅನ್ನುವಾಗಿನ 'ಗೆ' ನೋಡಿ ಟು ಸೇರಿಸಿ 'ಹೀ ಟೋಲ್ಡ್ ಟು ಮೀ' ಅನ್ನುತ್ತೇವೆ. ಟೆಲ್ ಆದಮೇಲೆ ವ್ಯಕ್ತಿ ನೇರವಾಗಿ ಬರಬೇಕು: 'ಹೀ ಟೋಲ್ಡ್ ಮೀ'. ಸೇ ಬಳಸಿದರೆ ಟು ಬೇಕು: 'ಹೀ ಸೆಡ್ ಟು ಮೀ'. ಎಕ್ಸ್‌ಪ್ಲೇನ್ ಕೂಡ ಟು ಕೇಳುತ್ತದೆ, 'ಎಕ್ಸ್‌ಪ್ಲೇನ್ ಮೀ' ಅಲ್ಲ, 'ಎಕ್ಸ್‌ಪ್ಲೇನ್ ಟು ಮೀ'. ಸಂಬಳದ ಬಗ್ಗೆ ಚರ್ಚಿಸುವಾಗ 'ಡಿಸ್ಕಸ್ ಅಬೌಟ್' ಬೇಡ, ಡಿಸ್ಕಸ್ ಒಂದೇ ಸಾಕು. ನನ್ನ ಮೇಲೆ ಕೋಪ ಅನ್ನುವುದು 'ಆಂಗ್ರಿ ಆನ್ ಮೀ' ಆಗದೆ 'ಆಂಗ್ರಿ ವಿತ್ ಮೀ' ಆಗಬೇಕು. ಇವಕ್ಕೆ ಸುಲಭದ ಸೂತ್ರ ಇಲ್ಲ. ಇಡೀ ತುಣುಕನ್ನೇ ಒಂದು ಪದದ ಹಾಗೆ ಬಾಯಿಗೆ ರೂಢಿ ಮಾಡಿಕೊಳ್ಳಬೇಕು.

ಡೌಟ್ ಮತ್ತು ರಿವರ್ಟ್ ಬಗ್ಗೆ ಜನ ಜಾಸ್ತಿ ಕೀಳರಿಮೆ ಪಡುತ್ತಾರೆ. ನನ್ನ ಪ್ರಕಾರ ಅದು ಬೇಡ. ನಮ್ಮ ದೇಶದ ಕ್ಲಾಸಿನಲ್ಲಿ 'ಐ ಹ್ಯಾವ್ ಎ ಡೌಟ್' ಅಂದರೆ ಪ್ರಶ್ನೆ ಇದೆ ಅಂತಲೇ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಅಮೆರಿಕದ ಕ್ಲೈಂಟ್ ಎದುರು ಅದೇ ಮಾತು 'ನೀವು ಹೇಳಿದ್ದರಲ್ಲಿ ನನಗೆ ನಂಬಿಕೆ ಇಲ್ಲ' ಅನ್ನುವ ಹಾಗೆ ಕೇಳಬಹುದು. ಅಲ್ಲಿ ಕ್ವೆಶ್ಚನ್ ಅನ್ನಿ. ರಿವರ್ಟ್ ಅಂದರೆ ಅವರಿಗೆ ಹಿಂದಿನ ಸ್ಥಿತಿಗೆ ಮರಳುವುದು. ಉತ್ತರ ಕೊಡುತ್ತೇನೆ ಅನ್ನಲು ರಿಪ್ಲೈ ಸಾಕು.

ಕಾಗುಣಿತದ ಜೋಡಿಗಳಿಗೆ ಕನ್ನಡ ಅಷ್ಟಾಗಿ ಸಹಾಯ ಮಾಡುವುದಿಲ್ಲ, ಕಿವಿ ಸ್ವಲ್ಪ ಮಾಡುತ್ತದೆ. ಪ್ಯಾಂಟ್ ಸಡಿಲವಾಗಿದ್ದರೆ ಲೂಸ್, ಕೊನೆಗೆ ಸ್ ಸದ್ದು, ಓ ಎರಡು. ಪರ್ಸ್ ಕಳೆದುಕೊಂಡರೆ ಲೂಝ್, ಝ್ ಸದ್ದು, ಓ ಒಂದೇ. ಸಲಹೆ ಅಡ್ವೈಸ್, ಸಿ ಅಕ್ಷರ. ಸಲಹೆ ಕೊಡುವುದು ಅಡ್ವೈಝ್, ಎಸ್ ಅಕ್ಷರ. ಸಲಹೆಗಳು ಅಂತ ನಾವು ಬಹುವಚನ ಮಾಡಿದರೂ ಅಡ್ವೈಸ್‌ಗೆ ಬಹುವಚನವಿಲ್ಲ, 'ಸಮ್ ಅಡ್ವೈಸ್' ಅನ್ನಬೇಕು. ಫರ್ನಿಚರ್, ಲಗೇಜ್, ಇನ್ಫರ್ಮೇಶನ್ ಇವೂ ಹಾಗೆಯೇ. ಪ್ರಿನ್ಸಿಪಲ್ ಅನ್ನುವ ಪದ ಬ್ಯಾಂಕ್ ಸಾಲದ ಅಸಲಾಗಲಿ, ಕಾಲೇಜಿನ ಪ್ರಿನ್ಸಿಪಾಲರಾಗಲಿ, ಎರಡಕ್ಕೂ ಕೊನೆಯಲ್ಲಿ ಎ ಎಲ್. ತತ್ವ ಅನ್ನುವ ಅರ್ಥದ ಪ್ರಿನ್ಸಿಪಲ್ ಆದರೆ ಎಲ್ ಇ.

ಕಲಿಯುವ ಕ್ರಮದಲ್ಲಿ ಒಂದು ಮಾತು. ಜೋಡಿಯ ಎರಡೂ ಪದಗಳನ್ನು ಒಂದೇ ದಿನ ಕಲಿಯಬೇಡಿ, ಎರಡೂ ಕಲಸಿಹೋಗುತ್ತವೆ. ಈ ವಾರ ಬೈ ಒಂದನ್ನೇ ಹಿಡಿಯಿರಿ. ಕರೆಂಟ್ ಬಿಲ್ ಯಾವ ತಾರೀಖಿನೊಳಗೆ ಕಟ್ಟಬೇಕು, ಬಸ್ ಎಷ್ಟು ಗಂಟೆಯೊಳಗೆ ಬರುತ್ತದೆ, ಹೀಗೆ ನಿಮ್ಮದೇ ಮನೆಯ ವಾಕ್ಯಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಜೋರಾಗಿ ಓದಿ. ಅದು ಯೋಚಿಸದೆ ಬರುವಂತಾದ ಮೇಲೆ ಅನ್‌ಟಿಲ್ ಮುಟ್ಟಿ.

ಕಂಪ್ಯೂಟರಿನಲ್ಲಿ ಬರೆಯುವವರು ಭಾಷೆಯ ಸೆಟ್ಟಿಂಗ್ ನೋಡಿಕೊಳ್ಳಿ. ನಮ್ಮ ಡ್ರೈವಿಂಗ್ ಲೈಸೆನ್ಸ್ ಕಾರ್ಡಿನಲ್ಲಿ ಆ ಪದದ ಕೊನೆಗೆ ಸಿ ಇ ಇದೆ, ಬ್ರಿಟಿಷ್ ಪದ್ಧತಿಯಂತೆ. ಅಮೆರಿಕದವರು ಅಲ್ಲಿ ಎಸ್ ಇ ಬರೆಯುತ್ತಾರೆ. ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ಸರಿಯಾಗಿ ಬರೆದದ್ದಕ್ಕೂ ಕೆಂಪು ಗೆರೆ ಬೀಳಬಹುದು. ಅದನ್ನು ಇಂಗ್ಲಿಷ್ ಇಂಡಿಯಾ ಅಂತ ಬದಲಾಯಿಸಿಕೊಳ್ಳಿ.